ಸನ್ಮಾನ್ಯರು ಮೀಸೆ ಬೋಳಿಸಿಕೊಂಡ ವಿಷಯವಾಗಿ

ಚೆನ್ನೈ ಮಹಾನಗರದಲ್ಲಿ, ಈ ಪತ್ರ ತಲುಪುವ ಹೊತ್ತಿಗೆ ಯಾವ ಪಕ್ಷದಲ್ಲಿರುತ್ತಾರೋ ಆ ಪಕ್ಷದ ಕಚೇರಿಯಲ್ಲಿ ವಿರಾಜಮಾನರಾಗಿರುವ ಶ್ರೀಮಾನ್ ಅರುಮೈನಾಯಗಂ ಅವರ ಸನ್ನಿಧಾನಕ್ಕೆ, ಮದ್ದೂರು ಪೇಟೆಬೀದಿಯ ದರ್ಜಿ ಜಕೀವುಲ್ಲಾ ಮಾಡುವ ಅನಂತ ಸಲಾಮುಗಳು.

ಮಾನ್ಯರೇ,

ತಮಗೆ ನನ್ನ ಪರಿಚಯವಿರಲಾರದು. ನನಗೆ ಮಾತ್ರ ತಮ್ಮ ಸೊಂಟದ ಸುತ್ತಳತೆಯಿಂದ ಹಿಡಿದು ಕಿವಿಯ ಅಗಲದವರೆಗೆ ಎಲ್ಲವೂ ಗೊತ್ತು. ಕಾವೇರಿ ನೀರಿನ ಗಲಾಟೆ ಎದ್ದಾಗಲೆಲ್ಲ ಮಂಡ್ಯ, ಮದ್ದೂರು, ಮಳವಳ್ಳಿ ಸರ್ಕಲ್ಲುಗಳಲ್ಲಿ ತಮ್ಮ ಪ್ರತಿಕೃತಿ ಸುಡುತ್ತಾರಲ್ಲ, ಅದನ್ನು ಹೊಲಿದು, ಕೊತ್ತತ್ತಿಯ ಮಾದಯ್ಯನ ಗದ್ದೆಯ ಹುಲ್ಲು ತುಂಬಿ, ಕಣ್ಣು ಮೂಗು ಬರೆದು ಕೊಡುವ ಬಡಪಾಯಿ ನಾನೇ. ಬೆಳಿಗ್ಗೆ ಚೆನ್ನೈಯಲ್ಲಿ ತಾವು ಬಾಯಿ ತೆರೆದರೆ ಮಧ್ಯಾಹ್ನ ಮದ್ದೂರಿನಲ್ಲಿ ನನ್ನ ಹೊಲಿಗೆ ಮೆಷಿನ್ನು ಓಡಲು ಶುರುವಾಗುತ್ತದೆ. ತಮ್ಮ ನಾಲಿಗೆಗೆ ಆ ದೇವರು ಇನ್ನಷ್ಟು ಆಯಸ್ಸು ಕೊಡಲಿ ಎಂದು ನನ್ನ ಹೆಂಡತಿ ಕುಲ್ಸುಮ್ ಬೇಡದ ದಿನವಿಲ್ಲ.

ತಾವು ರಾಜಕೀಯಕ್ಕೆ ಬಂದ ಹೊಸತರಲ್ಲಿ ನನಗೆ ಎಂಥ ಸುಖವಿತ್ತು! ಕಪ್ಪು ಕನ್ನಡಕ, ಹಳದಿ ಶಾಲು, ಪೊರಕೆಯಂಥ ಮೀಸೆ, ಇಷ್ಟಿದ್ದರೆ ಕಣ್ಣು ಕಾಣದವರೂ ತಮ್ಮನ್ನು ಗುರುತಿಸುತ್ತಿದ್ದರು. ಆಮೇಲೆ ತಮ್ಮ ಆತ್ಮಸಾಕ್ಷಿ ಎಚ್ಚರಗೊಂಡು ಎರಡನೆಯ ಪಕ್ಷಕ್ಕೆ ಹೋದಿರಿ, ಪಂಚೆಗೆ ಆ ಪಕ್ಷದ ನೇರಳೆ ಅಂಚು ಬಂತು. ಆಗಲಿ, ನಾನೂ ನೇರಳೆ ಪಟ್ಟಿ ತಂದೆ. ಅಲ್ಲಿಯೂ ಅವಮಾನವಾಯಿತೆಂದು ಮೆರೀನಾ ಕಡಲಿನ ಮುಂದೆ ಕಣ್ಣೀರಿಟ್ಟು ಸ್ವಂತ ಪಕ್ಷ ಕಟ್ಟಿದಿರಿ, ಅಂಚಿಗೆ ನಾಲ್ಕು ಬಣ್ಣ ಇಟ್ಟಿರಿ. ಆ ನಾಲ್ಕು ಬಣ್ಣದ ಪಟ್ಟಿಗಾಗಿ ನಾನು ಮೈಸೂರಿನ ಅಂಗಡಿ ಅಂಗಡಿ ಸುತ್ತಿ, ತಂದು, ಹೊಲಿದು ಮುಗಿಸುವಷ್ಟರಲ್ಲಿ ತಮ್ಮ ಪಕ್ಷವೇ ಮುಗಿದಿತ್ತು. ಆ ಪಟ್ಟಿ ಹಚ್ಚಿ ಹೊಲಿದ ನಮ್ಮ ಮನೆಯ ದಿಂಬುಗಳೆಲ್ಲ ಈಗ ತಮ್ಮ ಪಕ್ಷದ ಕಾರ್ಯಕರ್ತರ ಹಾಗೆ ಕಾಣುತ್ತವೆ.

ಇಷ್ಟನ್ನೂ ನಾನು ಸಹಿಸಿದೆ. ಆದರೆ ನಾಲ್ಕನೆಯ ಪಕ್ಷಕ್ಕೆ ಹೋಗುವಾಗ, ಯಾರಿಗೂ ಒಂದು ಮಾತು ಹೇಳದೆ, ತಾವು ಮೀಸೆ ಬೋಳಿಸಿಕೊಂಡಿರಲ್ಲ, ಅದು ಅನ್ಯಾಯ ಮಾನ್ಯರೇ, ಶುದ್ಧ ಅನ್ಯಾಯ. ನಾನು ಆಗ ನಾದಿನಿಯ ಮದುವೆಯ ಬಟ್ಟೆ ಹೊಲಿಯುವ ಗಡಿಬಿಡಿಯಲ್ಲಿ ಟಿವಿ ನೋಡಿರಲಿಲ್ಲ. ಎಂದಿನಂತೆ ಮೀಸೆ ಅಂಟಿಸಿ, ಕನ್ನಡಕ ಹಾಕಿ, ಹೊಟ್ಟೆ ಮುಂದೆ ಮಾಡಿ ಗೊಂಬೆಯನ್ನು ಸರ್ಕಲ್ಲಿಗೆ ಕಳಿಸಿಕೊಟ್ಟೆ. ತಮ್ಮ ಹೊಸ ನುಣ್ಣನೆಯ ಮುಖವನ್ನು ಟಿವಿಯಲ್ಲಿ ನೋಡಿಕೊಂಡು ಬಂದಿದ್ದ ಜನಕ್ಕೆ ನನ್ನ ಗೊಂಬೆ ತಾವೆಂದು ಅನ್ನಿಸಲೇ ಇಲ್ಲ. ಅದು ಪಕ್ಕದಲ್ಲೇ ಮೈಕು ಹಿಡಿದು ನಿಂತಿದ್ದ ಹೋರಾಟ ಸಮಿತಿಯ ಅಧ್ಯಕ್ಷ ಪುಟ್ಟಸ್ವಾಮಿಯವರ ಪಡಿಯಚ್ಚಿನಂತಿತ್ತು. ಅದೇ ಮೀಸೆ, ಅದೇ ಹೊಟ್ಟೆ.

ಪ್ರತಿಕೃತಿಗೆ ಮೊದಲ ಪೊರಕೆಯೇಟು ಹಾಕುವ ಮರ್ಯಾದೆ ನಮ್ಮಲ್ಲಿ ಪೂರಿಗಾಲಿಯ ಚಿಕ್ಕಬೋರಮ್ಮನವರದು. ಆಕೆ ಗೊಂಬೆಯನ್ನೊಮ್ಮೆ, ಅಧ್ಯಕ್ಷರನ್ನೊಮ್ಮೆ ನೋಡಿ, "ಅಯ್ ಇದ್ಯಾಕ್ಲಾ, ನಮ್ ಪುಟ್ಟಸ್ವಾಮಿ ಕಣ್ರಲಾ ಇದು! ಓಗ್ಲಿ ಬುಡು, ಇವ್ನಿಗೂ ಒಸಿ ಬೀಳ್ಲಿ" ಎಂದು, ತಮಗೆ ಎಂದೂ ಹಾಕದಷ್ಟು ಪ್ರೀತಿಯಿಂದ ಬಾರಿಸಿದರು. ಜನ ಶಿಳ್ಳೆ ಹೊಡೆದರು. ಮರುದಿನದ ಪತ್ರಿಕೆಯಲ್ಲಿ, ಪ್ರತಿಭಟನಾಕಾರರು ತಮ್ಮ ಸಮಿತಿಯ ಅಧ್ಯಕ್ಷರನ್ನೇ ಸುಟ್ಟರೆಂದು ಫೋಟೋ ಸಮೇತ ಬಂತು. ಪುಟ್ಟಸ್ವಾಮಿಯವರು ಅಂಗಡಿಗೆ ಬಂದು, "ಏನ್ಲಾ ಜಕೀ, ನಾನ್ ಬದ್ಕಿರುವಾಗ್ಲೇ ನನ್ ತಿಥಿ ಮಾಡ್ಬುಟ್ಯಲ್ಲೋ!" ಎಂದು ಕೂಗಾಡಿದ್ದು ನಿಡಘಟ್ಟಕ್ಕೂ ಕೇಳಿಸಿರಬೇಕು.

ಈಗ ಸಮಿತಿಯವರು ಈ ಕೆಲಸವನ್ನು ಮಂಡ್ಯದ ಫ್ಲೆಕ್ಸ್ ಅಂಗಡಿಯ ಯತೀಶನಿಗೆ ಕೊಡುತ್ತಾರಂತೆ. ತಮ್ಮ ಮುಖವನ್ನು ಪ್ಲಾಸ್ಟಿಕ್ಕಿನ ಮೇಲೆ ಅಚ್ಚುಹಾಕಿ ಕೋಲಿಗೆ ಕಟ್ಟಿದರೆ ಮುಗಿಯಿತಂತೆ. ಹೊಟ್ಟೆ ಉರಿಯುತ್ತದೆ ಮಾನ್ಯರೇ! ಅದಕ್ಕೆ ಬೆನ್ನಿದೆಯೇ, ಭುಜವಿದೆಯೇ? ಚಿಕ್ಕಬೋರಮ್ಮ ಒಂದೇಟು ಹಾಕಿದರೆ ಪರ್ರೆಂದು ಹರಿದುಹೋಗುವ ಆ ಹಾಳೆಯಲ್ಲಿ ತಮ್ಮಂಥ ತೂಕದ ನಾಯಕರಿಗೆ ಏನು ಗೌರವ? ಅಪ್ಪನ ಕಾಲದಿಂದ ಬಂದ ಕೆಲಸ ನನ್ನ ಕೈತಪ್ಪಿ ಹೋಗುವುದನ್ನು ತಾವೊಬ್ಬರೇ ತಡೆಯಬಲ್ಲಿರಿ.

ಆದ್ದರಿಂದ ದಯಮಾಡಿ ಕೂಡಲೇ ಮೀಸೆ ಬಿಡತಕ್ಕದ್ದು. ಅದು ಬೆಳೆಯುವವರೆಗೆ ನೀರಿನ ಬಗ್ಗೆ ಒಂದಕ್ಷರವನ್ನೂ ಆಡತಕ್ಕದ್ದಲ್ಲ. ಮುಂದೆ ತಮ್ಮ ಆತ್ಮಸಾಕ್ಷಿ ಎಚ್ಚರಗೊಳ್ಳುವುದಿದ್ದರೆ ವಾರ ಮುಂಚಿತವಾಗಿ ನನಗೊಂದು ಫೋನು ಮಾಡಿಸಿ, ಹೊಸ ಪಂಚೆಯ ಅಂಚಿನ ಚೂರೊಂದನ್ನು ಬಸ್ಸಿನಲ್ಲಿ ಕಳಿಸಿಕೊಡಬೇಕು. ಸಾಧ್ಯವಾದರೆ ತಮಿಳುನಾಡಿನ ಎಲ್ಲ ಪಕ್ಷಗಳನ್ನೂ ಒಂದೇ ಅಂಚಿಗೆ ಒಪ್ಪಿಸಿಬಿಡಿ. ಹೇಗೂ ಎಲ್ಲದರಲ್ಲೂ ತಮಗೆ ಪರಿಚಯದವರಿದ್ದಾರೆ.

ತಮ್ಮನ್ನು ಪ್ರತಿ ಸಲವೂ ಹೊಸದಾಗಿ ಹೊಲಿದುಕೊಟ್ಟ,
ತಮ್ಮ ವಿಶ್ವಾಸಿ,
ಜಕೀವುಲ್ಲಾ, ಮದ್ದೂರು

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವಾಗಲೇ ಟಿವಿಯಲ್ಲಿ ಬಂತು. ಪುಟ್ಟಸ್ವಾಮಿಯವರು ನಮ್ಮ ತಾಲ್ಲೂಕಿಗೆ ಮುಖಂಡರಾಗಿರುವ ರಾಷ್ಟ್ರೀಯ ಪಕ್ಷವನ್ನೇ ತಾವು ಸೇರಿದ್ದೀರಂತೆ, ಬರುವ ತಿಂಗಳು ಮದ್ದೂರಿಗೆ ಪ್ರಚಾರಕ್ಕೂ ಬರುತ್ತೀರಂತೆ. ಈಗಷ್ಟೇ ಅವರೇ ಓಡಿಬಂದು, "ಜಕೀ, ಫ್ಲೆಕ್ಸು ಗಿಕ್ಸು ಏನೂ ಬ್ಯಾಡ ಕಣ್ಲಾ, ನಮ್ ಸಾಹೇಬ್ರಿಗೆ ಒಂದ್ ಜುಬ್ಬ ಹೊಲಿ, ಅವ್ರ ಅಳ್ತೆ ನಿಂಗಲ್ದೆ ಇನ್ಯಾರಿಗ್ ಗೊತ್ತು" ಎಂದು ಕೆಲಸ ಒಪ್ಪಿಸಿ ಹೋದರು. ಸಂತೋಷದಿಂದ ಹೊಲಿಯುತ್ತಿದ್ದೇನೆ. ಬಟ್ಟೆ ಮಾತ್ರ ಬೇಗ ಹತ್ತಿಕೊಳ್ಳದ್ದನ್ನೇ ಆರಿಸಿದ್ದೇನೆ. ನಮ್ಮ ಜನಕ್ಕೆ ತಮ್ಮನ್ನು ಕಂಡೊಡನೆ ಬೆಂಕಿಪೊಟ್ಟಣ ಹುಡುಕುವುದು ಅಭ್ಯಾಸ, ಪಕ್ಷ ಬದಲಾದ ಸುದ್ದಿ ಎಲ್ಲರಿಗೂ ತಲುಪಿರುವುದಿಲ್ಲ.