ರಿಂಕಿನ ಅಡುಗೆಮನೆಯನ್ನು ಊರಿಗೆಲ್ಲ ಕೇಳಿಸಿದ ಕನ್ಸೋಲ್ ಮಹಾಶಯರಿಗೆ

ಒಂದನೇ ಸ್ಟುಡಿಯೋದ ಮೇಜಿನ ಮೇಲೆ ವಿರಾಜಮಾನರಾಗಿರುವ ಮಾನ್ಯ ಧ್ವನಿಮಿಶ್ರಣ ಕನ್ಸೋಲ್ ಮಹಾಶಯರೇ,

ಮ್ಯಾನಿಟೋಬಾದ ಪೈಕ್ ನ್ಯಾರೋಸ್ ಊರಿನ ರೇಡಿಯೋದಲ್ಲಿ ಮೂವತ್ತೊಂದು ವರ್ಷಗಳಿಂದ ಬೆಳಗಿನ ಕಾರ್ಯಕ್ರಮ ನಡೆಸುತ್ತಿರುವ ಡೆಲ್ಬರ್ಟ್ ಸ್ಟೆಫಾನ್ಯುಕ್ ಎಂಬ ಬಡಪಾಯಿ ತಮಗೆ ಮಾಡುವ ನಮಸ್ಕಾರಗಳು. ತಾವೂ ತಮ್ಮ ನೂರಾಹದಿನಾಲ್ಕು ಗುಂಡಿಗಳೂ ಕ್ಷೇಮವೆಂದು ನಂಬಿದ್ದೇನೆ.

ತಮಗಿಂತ ಮೊದಲು ಈ ಮೇಜಿನ ಮೇಲಿದ್ದ ಹಳೆಯ ಕನ್ಸೋಲ್ ಶುದ್ಧ ಹಳ್ಳಿಗಮಾರ. ಮೈಕಿಗೊಂದು ತಂತಿ, ತಂತಿಗೊಂದು ಫೇಡರ್, ಅಂದರೆ ಧ್ವನಿ ಏರಿಸಿ ಇಳಿಸುವ ಜಾರುಗುಂಡಿ. ತಂತಿಯ ಜಾಡು ಹಿಡಿದು ಹೋದರೆ ಮೈಕು ಸಿಗುತ್ತಿತ್ತು. ತಾವಾದರೋ ತಂತಿಯ ಹಂಗನ್ನೇ ಹರಿದುಕೊಂಡವರು. ಊರಿನಲ್ಲಿರುವ ನಮ್ಮ ಮೈಕುಗಳನ್ನೆಲ್ಲ ನೆಟ್‌ವರ್ಕಿನಿಂದ ಹೆಕ್ಕಿ ಪರದೆಯ ಮೇಲೆ ಪಟ್ಟಿಮಾಡಿ ತೋರಿಸುತ್ತೀರಿ, ನಾವು ಬೆರಳಿಟ್ಟ ಹೆಸರನ್ನು ನಾವು ಹೇಳಿದ ಫೇಡರಿಗೆ ತಂದು ಕೂರಿಸುತ್ತೀರಿ, ಬೆರಳಿಟ್ಟವನು ಬುದ್ಧಿವಂತನೇ ಎಂದು ಮಾತ್ರ ಒಮ್ಮೆಯೂ ವಿಚಾರಿಸುವುದಿಲ್ಲ.

ಕಳೆದ ಶನಿವಾರ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ನಮ್ಮೂರ ಕರ್ಲಿಂಗ್ ರಿಂಕಿನಲ್ಲಿ, ಆ ರಿಂಕನ್ನೇ ಮುಚ್ಚಬೇಕೋ ಬೇಡವೋ ಎಂಬ ಸಾರ್ವಜನಿಕ ಸಭೆ ಇತ್ತು. ಅದನ್ನು ನೇರಪ್ರಸಾರ ಮಾಡುವ ಹೊಣೆ ನನ್ನದು. ಪಟ್ಟಿಯಲ್ಲಿ ರಿಂಕ್ ಒಂದು, ರಿಂಕ್ ಎರಡು ಎಂದಷ್ಟೇ ಬರೆದಿತ್ತು. ವೇದಿಕೆಯ ಮೈಕು ಯಾವುದೆಂದು ತಿಳಿಯಲು ರಿಂಕಿನ ಮೇಲ್ವಿಚಾರಕ ಓರೆಸ್ಟನಿಗೆ ಮೊಬೈಲಿನಲ್ಲಿ, ಮೂರು ಸಲ ತಟ್ಟು ಎಂದು ಬರೆದು ಕಳಿಸಿದೆ. ಅವನು ತಟ್ಟಿದ, ಆದರೆ ಮೈಕಿನ ಸ್ವಿಚ್ ಹಾಕಲು ಮರೆತಿದ್ದ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ, 'ಸೂಪ್ ರೆಡಿ' ಎಂದು ಕೂಗಲೆಂದೇ ಇಟ್ಟು ಯಾರೂ ಎಂದೂ ಆಫ್ ಮಾಡದ ಮೈಕಿನ ಪಕ್ಕದಲ್ಲಿ, ಹೆಂಗಸರು ಪೆರೋಗಿ ಕಡುಬಿನ ಹಿಟ್ಟನ್ನು ಮೂರು ಸಲ ಹಲಗೆಗೆ ಬಡಿದರು. ತಮ್ಮ ಪರದೆಯಲ್ಲಿ ರಿಂಕ್ ಎರಡರ ಪಕ್ಕದ ಹಸಿರು ದೀಪ ಮೂರು ಸಲ ಜಿಗಿಯಿತು. ನಾನು ರಿಂಕ್ ಎರಡನ್ನು ಫೇಡರಿಗೆ ಏರಿಸಿದೆ.

ಪುರಸಭೆಯ ಅಧ್ಯಕ್ಷರು ಇಪ್ಪತ್ತು ನಿಮಿಷ ಮಾತಾಡಿದರು, ಊರು ಇಪ್ಪತ್ತು ನಿಮಿಷ ಅಡುಗೆಮನೆಯನ್ನು ಕೇಳಿತು. ನಾನು ಹೆಡ್‌ಫೋನ್ ಹಾಕಿಕೊಂಡು ತಮ್ಮ ದೀಪಗಳ ಕುಣಿತ ನೋಡುತ್ತಾ ಕೂತಿದ್ದು, ಕೊನೆಗೆ ಮೈಕಿಗೆ ಬಾಯಿಟ್ಟು, "ಅಧ್ಯಕ್ಷರ ಒಂದೊಂದು ಮಾತೂ ನಮ್ಮೆಲ್ಲರ ಮನಸ್ಸಿಗೆ ನಾಟಿದೆ" ಎಂದು ಗಂಭೀರವಾಗಿ ಘೋಷಿಸಿದೆ.

ನಮ್ಮ ಮ್ಯಾನೇಜರ್ ಥೋರಾ ಮೇಡಂ ಓಡಿಬಂದು ಧ್ವನಿಮುದ್ರಣ ಹಾಕಿದರು. ನಾನು ತಲೆಯಾಡಿಸಿದೆ. ಅವರು ನನ್ನ ಮುಖವನ್ನೇ ನೋಡಿದರು, ಮತ್ತೆ ಹಾಕಿದರು, ಆಮೇಲೆ ಪೆನ್ನು ತೆಗೆದುಕೊಂಡು ಕೂತು ಎಲ್ಲವನ್ನೂ ನನಗಾಗಿ ಬರೆದುಕೊಟ್ಟರು. ಆ ಕಾಗದ ನನ್ನ ಜೇಬಿನಲ್ಲಿದೆ.

ಅದರಲ್ಲಿರುವಂತೆ, ಆ ಅಡುಗೆಮನೆಯಲ್ಲಿದ್ದ ನೆಟ್ಟಿ ಎಂಬವಳು ಜೊತೆಗೆ ಹಿಟ್ಟು ನಾದುತ್ತಿದ್ದ ನನ್ನ ಹೆಂಡತಿಯನ್ನು ಕೇಳುತ್ತಾಳೆ: "ನಿನ್ ಗಂಡ ಇನ್ನೂ ರೇಡಿಯೋ ಬಿಡಲ್ವಲ್ಲೇ ಮರೂಸ್ಯಾ, ವಯಸ್ಸಾಯ್ತಲ್ಲ?"

"ವಯಸ್ಸಿಗೇನೇ, ಕಿವಿನೇ ಹೋಗಿದೆ. ಮೂರು ವರ್ಷ ಆಯ್ತು, ದೀಪ ನೋಡ್ಕೊಂಡು ಕೆಲಸ ಮಾಡ್ತಾರೆ. ನಂಗೊತ್ತಿಲ್ಲ ಅಂದ್ಕೊಂಡಿದಾರೆ ಪಾಪ."

"ಅಯ್ಯೋ, ಹೇಳ್ಬಾರ್ದಾ?"

"ಹೇಳಿದ್ರೆ ಆ ಕೆಲಸಾನೂ ಹೋಗುತ್ತೆ. ಮನೇಲಿ ನಾನೇನಂದ್ರೂ ಒಂದೇ 'ಹೂಂ'. ಒಲೆ ಹೊತ್ಕೊಂಡಿದೆ ಅಂದ್ರೂ 'ಹೂಂ'. ಬೆಳಗ್ಗೆ ರೇಡಿಯೋ ಹಾಕಿದ್ರೆ ನಾಲ್ಕು ಮಾತಾಡ್ತಾರೆ. ಅದೂ ನಿಂತ್ರೆ ನಂಜೊತೆ ಮಾತಾಡೋರು ಯಾರೇ?"

ಮಾನ್ಯರೇ, ನಿಜ ಹೇಳುತ್ತೇನೆ. ಕೇಳುಗರ ಫೋನ್ ಕರೆಗಳನ್ನು ಮೂರು ವರ್ಷದ ಹಿಂದೆ ನಿಲ್ಲಿಸಿ, ಪತ್ರ ಬರೆಯುವ ಸಂಸ್ಕೃತಿ ಉಳಿಯಬೇಕೆಂದು ಭಾಷಣ ಬಿಗಿದವನು ನಾನೇ. ಗುಟ್ಟು ಊರಿಗೆಲ್ಲ ಗೊತ್ತಾದದ್ದಕ್ಕೆ ನಾಚಿಕೆಯಾಯಿತು. ಅವಳು ಮೂರು ವರ್ಷ ಗೋಡೆಯ ಜೊತೆ ಮಾತಾಡಿದ್ದಾಳೆಂದು ತಿಳಿದಾಗ ಆದ ಸಂಕಟದ ಮುಂದೆ ಆ ನಾಚಿಕೆ ಏನೂ ಅಲ್ಲ.

"ಗುರುವಾರ ಕಿವಿ ಡಾಕ್ಟರ್ ಹತ್ರ ಹೋಗ್ಬನ್ನಿ. ಅಲ್ಲೀವರೆಗೂ ಕನ್ಸೋಲ್ ಮುಟ್ಬೇಡಿ. ಕೆಲಸದ ವಿಷಯ ಆಮೇಲೆ ನೋಡೋಣ" ಎಂದು ಮೇಡಂ ಕಾಗದದ ಕೆಳಗೆ ಬರೆದಿದ್ದಾರೆ.

ಆದ್ದರಿಂದ ಊರಿನ ಯಾವ ಮೂಲೆಯ ಪಿಸುಮಾತನ್ನಾದರೂ ಹೆಕ್ಕಿ ತರಬಲ್ಲ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು: ನಮ್ಮ ಮನೆಯ ಊಟದ ಮೇಜಿನ ಆಚೆ ಬದಿಯನ್ನೂ ತಮ್ಮ ಪಟ್ಟಿಗೆ ಸೇರಿಸಿಕೊಂಡು, ಅದಕ್ಕೊಂದು ಫೇಡರ್ ಕೊಟ್ಟು, ಕಳೆದ ಮೂರು ವರ್ಷಗಳಲ್ಲಿ ಅಲ್ಲಿಂದ ಬಂದದ್ದನ್ನೆಲ್ಲ ಮೊದಲಿನಿಂದ, ಸ್ವಲ್ಪ ಜೋರಾಗಿ, ನನಗೊಬ್ಬನಿಗೇ ಕೇಳಿಸುವ ಕೃಪೆ ಮಾಡಬೇಕು. ಅದು ತಮ್ಮಿಂದಾಗದ ಕೆಲಸವಾದರೆ, ತಮ್ಮನ್ನು ತಂದ ದಿನ ಹಂಚಿದ ಹೊಳೆಯುವ ಪುಸ್ತಕದಲ್ಲಿ 'ಎಲ್ಲವೂ ಸಾಧ್ಯ' ಎಂದು ಅಚ್ಚಾಗಿರುವ ಪುಟವನ್ನು ದಯವಿಟ್ಟು ಹರಿದುಹಾಕಬೇಕು.

ಇಂತಿ, ಗುರುವಾರದವರೆಗೆ ತಮ್ಮಿಂದ ಮೂರಡಿ ದೂರದಲ್ಲಿರುವ
ತಮ್ಮ ವಿಶ್ವಾಸಿ,
ಡೆಲ್ಬರ್ಟ್ ಸ್ಟೆಫಾನ್ಯುಕ್

ಮರೆತ ಮಾತು: ಈ ಪತ್ರವನ್ನು ಮರೂಸ್ಯಾಳಿಗೆ ಓದಿ ಹೇಳಿದೆ. ಅವಳು ಏನೋ ಅಂದಳು. ನಾನು 'ಹೂಂ' ಅನ್ನಲಿಲ್ಲ, "ಕೇಳಿಸ್ಲಿಲ್ಲ ಕಣೇ, ಇನ್ನೊಂದ್ಸಲ ಹೇಳು" ಎಂದೆ. ಅವಳು ಕೈ ಒರೆಸಿಕೊಂಡು ಬಂದು, ಎದುರು ಕೂತು, ನಿಧಾನವಾಗಿ ಇನ್ನೊಂದು ಸಲ ಹೇಳಿದಳು. ಅದು ತಮ್ಮನ್ನು ಕುರಿತೇ ಇತ್ತು, ಬರೆಯುವಂಥದ್ದಲ್ಲ.