ಒಂದು ಹುಳವೂ ಇಲ್ಲದ ಗುಡ್ಡ

ವರದಿಗಾರನನ್ನು ಕೆಡಿಸುವುದು ಸುಳ್ಳಲ್ಲ, ವಿಶೇಷಣ. ಸವದತ್ತಿಯಲ್ಲಿ ಕುಳಿತು ಪತ್ರಿಕೆಗೆ ಸುದ್ದಿ ಕಳಿಸುವ ನಾನು ಹೆಸರನ್ನಾಗಲಿ ಇನಿಷಿಯಲ್ಲನ್ನಾಗಲಿ ಎರಡು ಸಲ ಕೇಳದೆ ಬರೆದವನಲ್ಲ. ಆದರೆ ಮೂರು ವರ್ಷದ ಹಿಂದೆ, ಬೇಸಿಗೆಯಲ್ಲಿ, ರಾಮದುರ್ಗದ ದಾರಿಯ ಕಲ್ಲುಗುಡ್ಡವೊಂದನ್ನು ಬೈಕಿನಿಂದ ಇಳಿಯದೆ ನೋಡಿ, ‘ಒಂದು ಹುಳವೂ ಇಲ್ಲದ ಬರಡು ಗುಡ್ಡ, ಹಸಿರಾಗುವುದೆಂದು?’ ಎಂದು ಬರೆದುಬಿಟ್ಟೆ. ಅಂದು ಬಿಸಿಲು ಹೆಚ್ಚಿತ್ತು. ಪುಟದಲ್ಲಿ ಜಾಗವೂ ಖಾಲಿ ಇತ್ತು.

ಹೋದ ವರ್ಷ ಮೊದಲ ಮಳೆ ಬಿದ್ದ ಮೇಲೆ, ಯರಗಟ್ಟಿಯ ನಿವೃತ್ತ ವಿಜ್ಞಾನ ಮಾಸ್ತರರೊಬ್ಬರು ಬೆಳಿಗ್ಗೆಯೇ ನನ್ನನ್ನು ಅದೇ ಗುಡ್ಡ ಹತ್ತಿಸಿದರು. “ಇಲ್ಲೇ ಐತಿ ನೋಡ್ರಿ.”

“ಎಲ್ಲೈತ್ರಿ?”

“ಕಾಲ ಊರಬ್ಯಾಡ್ರಿ! ಅದರ ಮ್ಯಾಲೇ ಇಡಾಕ್ಹತ್ತೀರಿ.”

ಕೊಕ್ಕರೆಯ ಹಾಗೆ ಒಂಟಿಗಾಲಲ್ಲಿ ನಿಂತು ನೋಡಿದೆ. ಉಗುರಿನಷ್ಟು ಪತಂಗ, ಕಲ್ಲಿನದೇ ಬಣ್ಣ. ಹಾರಿದಾಗ ಮಾತ್ರ ರೆಕ್ಕೆಯೊಳಗೆ ಅರಿಸಿನದ ಒಂದು ಗೆರೆ. “ಇದರ ಮರಿ ಕರಡದ ಹುಲ್ಲಿನ ಬುಡ ಬಿಟ್ರ ಬ್ಯಾರೆ ಏನೂ ತಿನ್ನಂಗಿಲ್ಲ. ಸುತ್ತಲ ಗುಡ್ಡ ಎಲ್ಲಾ ಹುಡುಕೇನಿ, ಇನ್ನೆಲ್ಲೂ ಇಲ್ಲ,” ಎಂದರು ಮಾಸ್ತರರು. ಗುಡ್ಡದ ಕೆಳಗೆ ಯಂತ್ರವೊಂದು ಆ ಒಣಹುಲ್ಲನ್ನೇ ಕೆರೆದು, ಸಸಿ ನೆಡಲು ಗುಂಡಿ ತೋಡುತ್ತಿತ್ತು.

ಸಂಬಂಧಪಟ್ಟ ಕಚೇರಿಗೆ ಓಡಿದೆವು. ಸಾಹೇಬರು ಚಹಾ ತರಿಸಿ ಫೈಲು ತೆರೆದರು. ಮೊದಲ ಹಾಳೆಯೇ ನನ್ನ ವರದಿ, ಕೆಂಪು ಗೆರೆ ಎಳೆದದ್ದು. “ನಿಮ್ಮ ಸುದ್ದಿ ಓದೇ ಗಿಡಾ ಹಚ್ಚಾಕ್ಹತ್ತೇವ್ರಿ. ಆವಾಗ ಹುಳಾ ಇಲ್ಲ ಅಂದ್ರಿ, ಈಗ ಐತಿ ಅಂತೀರಿ. ಯಾವ್ದು ಖರೇರಿ?” ಮಾಸ್ತರರು ನನ್ನ ಮುಖ ನೋಡಲಿಲ್ಲ. ನೋಡಿದ್ದರೇ ಚೆನ್ನಾಗಿತ್ತು.

ತಿದ್ದುಪಡಿ ಹಾಕಿ ಎಂದು ಡೆಸ್ಕಿಗೆ ಫೋನ್ ಮಾಡಿದೆ.

“ತಕರಾರು ಯಾರದ್ರಿ?”

“ಪತಂಗದ್ದು.”

“ಹಂಗಾರ ಒಂದು ಅರ್ಜಿ ಬರದ ಕೊಡಂತ ಹೇಳ್ರಿ ಅದಕ್ಕ.”

ಬಾಧಿತರ ಲಿಖಿತ ದೂರಿಲ್ಲದೆ ತಿದ್ದುಪಡಿ ಇಲ್ಲ. ಡೆಸ್ಕಿನವನಿಗೆ ಆ ಪಾಠ ಹೇಳಿಕೊಟ್ಟವನು ನಾನೇ. ಹೊಸ ಸುದ್ದಿಯನ್ನಾದರೂ ಬರೆಯೋಣವೆಂದರೆ, ತಜ್ಞರ ಹೇಳಿಕೆ ಬೇಕೆಂದ. ತಜ್ಞರೊಬ್ಬರು ಮುಂದಿನ ಮುಂಗಾರಿಗೆ ಬರುತ್ತೇನೆಂದರು.

ಅಷ್ಟರಲ್ಲಿ ಸಸಿ ನೆಡುವ ದಿನ ಬಂತು. “ಈ ಗುಡ್ಡದ ಸಂಕಟಾ ಮೊದಲ ಬರದವರ ಇವರು,” ಎಂದು ಸಾಹೇಬರು ಮೊದಲ ಸಸಿಯನ್ನು ನನ್ನ ಕೈಗಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನೆಟ್ಟೆ, ನೀರೂ ಹಾಕಿದೆ. ಮಾಸ್ತರರು ಕೆಳಗೆ ರಸ್ತೆಯಲ್ಲೇ ನಿಂತಿದ್ದರು.

ಈ ಮುಂಗಾರಿನಲ್ಲಿ ಮಾತಿಗೆ ತಪ್ಪದೆ ತಜ್ಞರು ಬಂದರು. ಅವರು, ಮಾಸ್ತರರು, ನಾನು ಮೂವರೂ ಒಂದೊಂದು ಹೆಜ್ಜೆಗೂ ಕಾಲೆತ್ತಿ ಹಿಡಿದು, ಇಡೀ ಬೆಳಗು ಹುಡುಕಿದೆವು. ಕೊನೆಗೆ ಮಾಸ್ತರರೇ, “ಇನ್ನ ಕಾಲ ಊರ್ರಿ. ಏನೂ ಇಲ್ಲ,” ಎಂದರು.

ಮನೆಗೆ ಬಂದು ಹಳೆಯ ವರದಿ ತೆಗೆದು ಓದಿದೆ. ಅದರಲ್ಲಿ ಈಗ ಒಂದು ತಪ್ಪೂ ಇಲ್ಲ. ತಿದ್ದುಪಡಿ ಬೇಡವೆಂದು ಡೆಸ್ಕಿಗೆ ತಿಳಿಸಿದೆ.