ಎಡಗೈ ದಂಡದ ಕುರಿ

ತೊಂದರೆ ಶುರುವಾದದ್ದು ಕೈಕುಲುಕಿದ್ದರಿಂದ. ಸೋಪಿನ ಕಾರ್ಖಾನೆ ಹಾಕಲು ಪ್ರಾಗ್‌ನಿಂದ ಕುಮಾಸಿ ಪಟ್ಟಣದ ಪಕ್ಕದ ನ್ಸುಟೆಮ್ ಊರಿಗೆ ಬಂದಿದ್ದ ನೊವೊಟ್ನಿ ಸಾಹೇಬರಿಗೆ ಆ ಊರಿನ ಅಂಪಾಡು ವಾರವಿಡೀ ಪಾಠ ಹೇಳಿದ್ದ. ಊರಿನ ಒಡೆಯರ ಮುಂದೆ ಕಾಲ ಮೇಲೆ ಕಾಲು ಹಾಕಬಾರದು, ಹಿರಿಯರೆಲ್ಲರ ಕೈಕುಲುಕಬೇಕು, ಎಡಗೈಯನ್ನಂತೂ ಮನೆಯಲ್ಲೇ ಬಿಟ್ಟು ಬಂದವರಂತೆ ಇರಬೇಕು. ಒಡೆಯರಿಂದ ಕಾರ್ಖಾನೆಗೆ ಜಾಗ ಸಿಕ್ಕರೆ ಮ್ಯಾನೇಜರ್ ಕೆಲಸ ಅಂಪಾಡುವಿಗೇ ಎಂದು ಮಾತಾಗಿತ್ತು. ಅದನ್ನು ನಂಬಿ ಅವನು ಶಾಲೆಯ ಗುಮಾಸ್ತೆ ಕೆಲಸವನ್ನು ಬಿಟ್ಟೂ ಬಿಟ್ಟಿದ್ದ.

ಅರಮನೆಯ ಅಂಗಳದಲ್ಲಿ ಮೂವತ್ತೆಂಟು ಮಂದಿ ಹಿರಿಯರು ಸಾಲಾಗಿ ಕೂತಿದ್ದರು. ಸಾಲು ಮುಗಿಯುವಷ್ಟರಲ್ಲಿ ಸಾಹೇಬರ ಬಲಗೈ ಒಗೆದು ಹಿಂಡಿದ ಬಟ್ಟೆಯಂತಾಗಿತ್ತು. ಕಾಣಿಕೆಯ ಸ್ನ್ಯಾಪ್ಸ್ ಮದ್ಯದ ಸೀಸೆಯನ್ನು ಅವರು ಒಡೆಯರಿಗೆ ಎಡಗೈಯಲ್ಲಿ ನೀಡಿಬಿಟ್ಟರು.

ಒಡೆಯರ ಪರವಾಗಿ ಮಾತಾಡುವ ವಕ್ತಾರ ಚಿನ್ನದ ಹಿಡಿಯ ಕೋಲು ಕುಟ್ಟಿದ. "ಒಡೆಯರಿಗೆ ಬೇಜಾರಾಗಿದೆ. ಒಂದು ಕುರಿ ದಂಡ. ಹೊತ್ತು ಮುಳುಗೋದ್ರೊಳಗೆ ತರದಿದ್ರೆ ಜಾಗದ ಮಾತೇ ಇಲ್ಲ."

ಅಂದು ಊರಲ್ಲಿ ಮಾರಾಟಕ್ಕಿದ್ದದ್ದು ಅಂಪಾಡುವಿನ ನೆರೆಮನೆಯ ಮಾಮಿ ಸೆರ್ವಾಳ ಕುರಿ ಒಂದೇ.

"ಎಡಗೈ ಕೊಟ್ಟನಂತಲ್ಲೋ ನಿನ್ನ ಬಿಳಿಯ. ವಾರವೆಲ್ಲ ಕೂತು ಕಲಿಸಿದ್ದು ಇದೇನಾ?" ಎಂದು ಮೂದಲಿಸಿ ಮಾಮಿ ಎಂಟುನೂರು ಸೆಡಿ ಬೆಲೆ ಹೇಳಿದಳು. ಸಾಹೇಬರು ಕೊಟ್ಟರು.

ಹಗ್ಗ ಹಿಡಿದವನು ಅಂಪಾಡು. ಸಂತೆಯ ತಿರುವಿನಲ್ಲಿ ಟ್ರೋಟ್ರೋ ವ್ಯಾನೊಂದು ಹಾರ್ನ್ ಹೊಡೆದದ್ದೇ ತಡ, ಕುರಿ ಅವನನ್ನು ಟೊಮೇಟೊ ಬುಟ್ಟಿಗಳ ಮೇಲೆ ಕೆಡವಿ ನೆಟ್ಟಗೆ ಮನೆಗೆ ಓಡಿತು. ಇವರು ಏದುಸಿರು ಬಿಡುತ್ತ ಹೋದಾಗ ಮಾಮಿ ಅದಕ್ಕೆ ಗೆಣಸಿನ ಸಿಪ್ಪೆ ತಿನ್ನಿಸುತ್ತಿದ್ದಳು.

"ಅದು ನಮ್ಮ ಕುರಿ, ಮಾಮಿ."

"ನಿಮ್ಮದು ಓಡಿಹೋಯ್ತಂತಲ್ಲ, ಪಾಪ. ಇದು ನನ್ನ ಅಂಗಳದಲ್ಲಿರೋದು. ಸಾವಿರ ಸೆಡಿ."

"ಆಗ ಎಂಟುನೂರಿತ್ತಲ್ಲ?"

"ಆಗ ಬರೀ ಕುರಿ. ಈಗ ದಾರಿ ತಪ್ಪದೆ ಮನೆಗೆ ಬರೋ ಕುರಿ."

ಸಾಹೇಬರು ಸಾವಿರ ಎಣಿಸಿ ಕೊಟ್ಟು, ಕುರಿಯನ್ನು ತಾವೇ ಹೆಗಲ ಮೇಲೆ ಹೊತ್ತು ಸಂಜೆಯೊಳಗೆ ಅರಮನೆ ಸೇರಿದರು. ಅದನ್ನು ಕಂಡು ಒಡೆಯರಿಗೆ ನಗು ತಡೆಯಲಾಗಲಿಲ್ಲ. ಜಾಗ ಕೊಟ್ಟರು, ಸಾಲದ್ದಕ್ಕೆ ನೊವೊಟ್ನಿಯವರನ್ನು ಊರಿನ ಅಭಿವೃದ್ಧಿ ನಾಯಕರೆಂದೂ ಸಾರಿದರು. ಅಂಪಾಡುವಿಗೆ ಸಂತೋಷದಿಂದ ಕಣ್ಣು ತುಂಬಿ ಬಂತು.

"ಸಾಹೇಬ್ರೇ, ಆ ಮ್ಯಾನೇಜರ್ ವಿಷಯ..." ಎಂದ ಮೆಲ್ಲಗೆ.

"ಗೊತ್ತು ಮಾಡಿದೀನಿ" ಎಂದರು ಸಾಹೇಬರು. "ಒಂದೇ ಕುರೀನ ಒಂದೇ ದಿನ ನನಗೆ ಎರಡು ಸಲ ಮಾರಿದವರು ಸೋಪು ಮಾರಲ್ವಾ? ಮಾಮಿ ಸೆರ್ವಾ ಸೋಮವಾರದಿಂದ ಬರ್ತಾರೆ."

"ಮತ್ತೆ ನಾನು?"

ವಕ್ತಾರ ಅವನ ಬೆನ್ನು ತಟ್ಟಿದ. "ನಿನಗೆ ಅದಕ್ಕಿಂತ ದೊಡ್ಡದು ಸಿಕ್ಕಿದೆ ಕಣೋ. ಹೊಸ ನಾಯಕರಿಗೆ ಕೊಡೆ ಹಿಡಿಯೋ ಹಕ್ಕು, ಜೀವನಪೂರ್ತಿ. ಒಡೆಯರೇ ಆರಿಸಿದ್ದು, ಬೇಡ ಅನ್ನೋ ಹಾಗಿಲ್ಲ."

"ಸಂಬಳ ಎಷ್ಟು?"

"ಮರ್ಯಾದೆಗೆ ಯಾರಾದ್ರೂ ಸಂಬಳ ಕೇಳ್ತಾರಾ?" ಎನ್ನುತ್ತ ವಕ್ತಾರ ಚಪ್ಪರದಷ್ಟು ಅಗಲದ ಕೊಡೆಯನ್ನು ಬಿಚ್ಚಿ ಅವನ ಕೈಗಿಟ್ಟ.